ಕೊಳಕ್ಕೆ ಹೋದ ನೀರು

ಬೆಳಿಗ್ಗೆ ಏಳಕ್ಕೆ ಲೈನಿನ ನೀರು ನಿಲ್ಲಿಸುವುದು ಷಡಕ್ಷರಿಗೆ ಹೊಸ ಕೆಲಸ. ಬಾಳೆಹಿತ್ಲು ಎಸ್ಟೇಟಿನಲ್ಲಿ ರೈಟರ್ ಆಗಿದ್ದುಕೊಂಡೇ ಅವನ ತಲೆ ನರೆತಿತ್ತು. ಆಳುಗಳ ಹಾಜರಿ ಹಾಕುವುದು, ಅವರನ್ನು ಕೆಲಸಕ್ಕೆ ಹಂಚುವುದು, ಮಳೆ ಅಳೆಯುವುದು, ವಾರಕ್ಕೊಮ್ಮೆ ಬಟವಾಡೆ ಮಾಡುವುದು, ಇವೆಲ್ಲ ಅರೆನಿದ್ದೆಯಲ್ಲೂ ಮಾಡಿ ಮುಗಿಸಬಲ್ಲ ಕೆಲಸಗಳು. ಇದು ಹಾಗಲ್ಲ. ಬಂಗಲೆಯ ಹಿಂದಿನ ಟ್ಯಾಂಕಿನ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, ಕೂಲಿಯವರ ಮನೆಸಾಲಿಗೆ ಹೋಗುವ ವಾಲ್ವನ್ನು ಬಿಗಿ ಮಾಡಿ, ಪಕ್ಕದ ವಾಲ್ವನ್ನು ಹೂದೋಟದ ಕೊಳದ ಕಡೆಗೆ ತೆರೆಯಬೇಕು. ಮಂಡಿ ನೋಯುತ್ತಿತ್ತು. ಕೆಳಗೆ ಲೈನಿನ ನಲ್ಲಿಯ ಹತ್ತಿರ ಕೊಡಗಳ ಸದ್ದು ತಟ್ಟನೆ ನಿಲ್ಲುವುದು ಅಲ್ಲಿಯವರೆಗೂ ಕೇಳುತ್ತಿತ್ತು.

ಅದು ಎರಡು ಸಾವಿರದ ಮೂರನೇ ಇಸವಿಯ ಮಾರ್ಚ್. ಹಿಂದಿನ ಮಳೆಗಾಲವೇ ಅರೆಬರೆ ಆಗಿತ್ತು. ದೀಪಾವಳಿ ಕಳೆದ ಮೇಲೆ ಮಳೆಮಾಪಕದ ಬಾಟಲಿಯಲ್ಲಿ ಧೂಳು ಬಿಟ್ಟರೆ ಬೇರೇನೂ ಸಿಕ್ಕಿರಲಿಲ್ಲ. ಗುಡ್ಡದ ಮೇಲಿನ ಕಾಡಿನಲ್ಲಿ ಹುಟ್ಟಿ ಪೈಪಿನಲ್ಲಿ ಇಳಿದು ಬರುವ ಒರತೆಯೇ ಇಡೀ ಎಸ್ಟೇಟಿಗೆ ನೀರಿನ ಮೂಲ. ಅದೀಗ ಕಿರುಬೆರಳಷ್ಟು ದಪ್ಪಕ್ಕೆ ಇಳಿದಿತ್ತು. ಆ ಕಿರುಬೆರಳಲ್ಲಿ ಬಂಗಲೆ, ಎಂಟು ಮನೆಗಳ ಲೈನು, ದನದ ಕೊಟ್ಟಿಗೆ ಎಲ್ಲ ನಡೆಯಬೇಕು. ಅದರ ಜೊತೆಗೆ ಈಗ ಕೊಳ.

ಕೊಳ ಹೊಸದಲ್ಲ. ಮಾಲೀಕ ಅಜಿತನ ತಂದೆ ಬಂಗಲೆಯ ಮುಂದಿನ ಇಳಿಜಾರಿನಲ್ಲಿ ತೋಡಿಸಿ, ಕೆಳಬದಿಗೆ ಜೇಡಿಮಣ್ಣು ತುಳಿಸಿ ನೀರು ತಡೆಯುವ ಬಂಡು ಕಟ್ಟಿಸಿದ್ದು. ಅವರು ಹೋದ ಮೇಲೆ ಅದು ಅರ್ಧ ನೀರು, ಅರ್ಧ ನೈದಿಲೆ ಎಲೆ, ನಾಲ್ಕಾರು ಮೀನು ಎಂದು ಯಾರ ಕಣ್ಣಿಗೂ ಬೀಳದೆ ಉಳಿದಿತ್ತು. ಕಾಫಿಯ ರೇಟು ಸತತ ಮೂರು ವರ್ಷ ನೆಲ ಕಚ್ಚಿದಾಗ ಅಜಿತನ ಹೆಂಡತಿ ಕೃತಿಕಾ ಬಂಗಲೆಯ ಒಂದು ಪಕ್ಕವನ್ನು ಹೋಂಸ್ಟೇ ಮಾಡುವುದೆಂದು ಹಟ ಹಿಡಿದಳು. ಕೊಟ್ಟಿಗೆಹಾರದಿಂದ ಕಳಸಕ್ಕೆ ಹೋಗುವ ರಸ್ತೆಯಲ್ಲಿ ಒಂದು ಬೋರ್ಡು ಎದ್ದಿತು. ವರಾಂಡದಲ್ಲಿ ಬೆತ್ತದ ಕುರ್ಚಿಗಳು ಬಂದವು. ಕೊಳದ ಸುತ್ತ ಕಪ್ಪು ಕಲ್ಲಿನ ಹೊಸ ಅಂಚು ಬಂತು. ಫೆಬ್ರವರಿಯ ನಡುವಿನಲ್ಲಿ ಆ ಕಲ್ಲನ್ನು ಮುಟ್ಟುವಂತೆ ಕೊಳ ತುಂಬಿಸಿ ಫೋಟೋ ತೆಗೆಸಿದರು. ಚಿಕ್ಕಮಗಳೂರಿನ ಏಜೆಂಟೊಬ್ಬ ಅದನ್ನು ನೋಡಿಯೇ ಮೊದಲ ಗಿರಾಕಿಗಳನ್ನು ಗೊತ್ತು ಮಾಡಿದ್ದ. ಅವರು ಬರುವುದು ಈ ಶನಿವಾರ.

ಫೋಟೋದಲ್ಲಿ ನಿಂತ ನೀರು ಕೊಳದಲ್ಲಿ ನಿಲ್ಲಲಿಲ್ಲ. ಸಂಜೆ ಕಲ್ಲು ಮುಟ್ಟಿದ್ದು ಬೆಳಗಾಗುವಷ್ಟರಲ್ಲಿ ಒಂದು ಗೇಣು ಕೆಳಗೆ ಹೋಗಿರುತ್ತಿತ್ತು. ಮತ್ತೆ ತುಂಬಿಸಬೇಕು, ಮತ್ತೆ ಇಳಿಯುತ್ತದೆ. ಕೊನೆಗೆ ಅಜಿತ ಷಡಕ್ಷರಿಯನ್ನು ಕರೆದು, "ಗೆಸ್ಟ್ ಬಂದು ಹೋಗೋವರೆಗೆ ಲೈನಿಗೆ ಬೆಳಿಗ್ಗೆ ಒಂದು ಗಂಟೆ ಬಿಡಿ, ಸಾಕು. ಉಳಿದಿದ್ದು ಕೊಳಕ್ಕೆ ಹೋಗ್ಲಿ," ಎಂದಿದ್ದ. ಷಡಕ್ಷರಿ ಹೂಂ ಎಂದಿದ್ದ. ಇಷ್ಟು ವರ್ಷದ ನೌಕರಿಯಲ್ಲಿ ಅವನ ಬಾಯಿಗೆ ಸಲೀಸಾಗಿ ಬರುವ ಮಾತು ಅದೊಂದೇ.

ಸೋಮವಾರ ವಾಲ್ವು ತಿರುಗಿಸಿ ಲೈನಿನ ಮುಂದೆ ಹಾದು ಬರುವಾಗ ಪಾಪಮ್ಮ ದಾರಿಗೇ ಅಡ್ಡ ನಿಂತಳು. ಕೈಯಲ್ಲಿ ಖಾಲಿ ಕೊಡ. ಅವಳ ಮಗಳು ಮೂಡಿಗೆರೆ ಆಸ್ಪತ್ರೆಯಲ್ಲಿ ಹೆತ್ತು, ಹಸಿ ಮೈಯಲ್ಲಿ ಕೂಸನ್ನೆತ್ತಿಕೊಂಡು ತಾಯಿಮನೆಗೆ ಬಂದಿದ್ದಳು. ಬಾಣಂತಿಗೆ ದಿನಾ ಹಂಡೆಗಟ್ಟಲೆ ಬಿಸಿನೀರು ಹುಯ್ಯಬೇಕು, ಕೂಸಿಗೆ ಎಣ್ಣೆ ನೀರು ಆಗಬೇಕು, ಬಟ್ಟೆಯ ರಾಶಿ ಬೇರೆ.

"ರೈಟ್ರೇ, ಒಂದ್ ಮಾತು ಕೇಳ್ಲಾ?"

"ಕೇಳು ಮಾರಾಯ್ತಿ."

"ಬಂಗ್ಲೆ ಮೀನು ಹೆತ್ತಿದ್ದಾವಾ?"

"ಎಂತದ್ದು?"

"ಅಲ್ಲ, ಬಾಣಂತನ ಅವಕ್ಕೇ ನಡೀತಾ ಇದೆಯಲ್ಲ, ಅದಕ್ಕೆ ಕೇಳ್ದೆ. ಹೊತ್ತೂಹೊತ್ತೂ ನೀರು. ನನ್ ಮಗ್ಳಿಗೆ ಮೂರು ಕೊಡ."

ನಲ್ಲಿಯ ಹತ್ತಿರ ನಿಂತಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಷಡಕ್ಷರಿಗೂ ನಗು ಬರಬೇಕಿತ್ತು, ಬರಲಿಲ್ಲ. "ಇನ್ನೊಂದು ವಾರ ತಡ್ಕೋ, ಪಾಪಮ್ಮ. ಹಳ್ಳದಿಂದ ತರ್ಸೋಕೆ ಆಗಲ್ವಾ?"

"ಹಳ್ಳದಲ್ಲಿ ಎಂತ ಉಂಟು? ಎಮ್ಮೆ ಮಲಗಿದ ಗುಂಡಿ ಉಂಟು, ಹಸುರು ಪಾಚಿ ಉಂಟು. ಅದನ್ನ ಕೂಸಿನ ಮೈಗೆ ಹುಯ್ಯಕ್ಕಾಗತ್ತಾ?" ಅವಳ ದನಿ ಇಳಿಯಿತು. "ಅಳಿಯ ಹೇಳಿ ಕಳ್ಸಿದ್ದಾನೆ. ನೀರಿಲ್ಲದ ಮನೇಲಿ ಎಂತ ಬಾಣಂತನ, ಗುರುವಾರ ಜೀಪ್ ತಕೊಂಡು ಬರ್ತೀನಿ, ಕಳಸಕ್ಕೆ ಕರ್ಕೊಂಡು ಹೋಗ್ತೀನಿ ಅಂತ. ಅಲ್ಲಿ ಅವನ ಅವ್ವ ಹಾಸಿಗೆ ಹಿಡಿದಿದ್ದಾಳೆ. ಹೋದ ಮಾರನೇ ದಿನ ನನ್ ಮಗಳು ಎದ್ದು ಒಲೆ ಮುಂದೆ ಕೂರ್ಬೇಕು. ಹಸಿ ಮೈ, ರೈಟ್ರೇ."

ಷಡಕ್ಷರಿ ಮತ್ತೆ ಹೂಂ ಎಂದ. ಬಂಗಲೆಯ ಏರು ಹತ್ತುವಾಗ ಅವನಿಗೆ ಒಂದು ವಿಷಯ ಸ್ಪಷ್ಟವಾಗಿತ್ತು. ಕೊಳ ನೀರು ಹಿಡಿದು ನಿಂತರೆ ಲೈನಿಗೆ ನೀರು ಬಿಡಬಹುದು. ನಿಲ್ಲದಿದ್ದರೆ ಗುರುವಾರ ಆ ಹುಡುಗಿ ಜೀಪು ಹತ್ತುತ್ತಾಳೆ. ಮಾಲೀಕರ ಮುಂದೆ ನಿಂತು ವಾದ ಮಾಡುವ ತ್ರಾಣ ಅವನಲ್ಲಿರಲಿಲ್ಲ. ತೂತು ಹುಡುಕುವುದು ಅದಕ್ಕಿಂತ ಸುಲಭ ಎನ್ನಿಸಿತು.

ಕೊಳದ ಹತ್ತಿರ ಆಗಲೇ ಸಭೆ ಸೇರಿತ್ತು. ಮೂಡಿಗೆರೆಯಿಂದ ಪ್ಲಂಬರ್ ಬೆಳ್ಳಿಯಪ್ಪ ಬಂದಿದ್ದ. ಕುದುರೆಮುಖದ ಟೌನ್‌ಶಿಪ್ಪಿನಲ್ಲಿ ಪೈಪಿನ ಕೆಲಸ ಮಾಡಿ ಬಂದವನೆಂದು ಸುತ್ತಲಿನ ಎಸ್ಟೇಟುಗಳಲ್ಲಿ ಅವನಿಗೆ ಹೆಸರಿತ್ತು, ಆ ಹೆಸರನ್ನು ಅವನೇ ದಿನಕ್ಕೆರಡು ಬಾರಿ ನೆನಪಿಸುತ್ತಿದ್ದ.

"ಮೆಟ್ಲು, ಸರ್," ಎಂದು ಅವನು ಕೊಳಕ್ಕಿಳಿಯುವ ಕಲ್ಲಿನ ಮೆಟ್ಟಿಲನ್ನು ತೋರಿಸಿದ. "ಸಂದಿ ಬಿಟ್ಟಿದೆ. ಕುದುರೆಮುಖದಲ್ಲಿ ಇಂಥವು ನೂರು ನೋಡಿದ್ದೀನಿ."

"ಬಿಸಿಲಿಗೆ ಆರ್ತಾ ಇರಬಹುದಲ್ವಾ?" ಎಂದಳು ಕೃತಿಕಾ.

"ಬಿಸಿಲು ಇಷ್ಟು ಕುಡಿಯಲ್ಲ ಮೇಡಂ. ಆನೆ ಬಂದಿದ್ರೆ ಬೇರೆ ಮಾತು."

"ಆನೆ ಅಲ್ಲ, ಜನ," ಎಂದ ಅಜಿತ. ಅವನು ವರಾಂಡದ ಕಟ್ಟೆಯ ಮೇಲೆ ಕೂತು ಕಾಫಿ ಹೀರುತ್ತಿದ್ದ. "ಲೈನಿನವರು ಮಸುಕು ಹರಿಯೋಕ್ಕೆ ಮೊದಲೇ ಬಂದು ಎತ್ಕೊಂಡು ಹೋಗ್ತಾರೆ. ಅಲ್ವಾ ರೈಟ್ರೇ?"

"ಕೊಡ ಹೊತ್ತು ಏರು ಹತ್ತಿ ಬಂದ್ರೆ ದಾರಿ ಒದ್ದೆ ಆಗಿರ್ಬೇಕಲ್ಲ ಸರ್," ಎಂದ ಷಡಕ್ಷರಿ. "ಬೆಳಿಗ್ಗೆ ನಾನು ಅದೇ ದಾರೀಲಿ ಬರೋದು. ಧೂಳು ಎದ್ದು ಮೂಗಿಗೆ ಹೋಗ್ತಾ ಇದೆ."

ಅಜಿತ ಲೋಟ ಕೆಳಗಿಟ್ಟ. ಕೆಟ್ಟ ಮನುಷ್ಯನಲ್ಲ, ಬ್ಯಾಂಕಿನವರು, ಏಜೆಂಟರು, ಮಳೆ, ಎಲ್ಲರಿಂದಲೂ ಮಾತು ಕೇಳಿ ಕೇಳಿ ಯಾರ ಮೇಲಾದರೂ ತಿರುಗಿಸಬೇಕಿತ್ತು, ಅಷ್ಟೇ. "ಹಾಗಾದ್ರೆ ನೀವೇ ಕಂಡುಹಿಡೀರಿ ಮಾರಾಯ್ರೆ," ಎಂದ.

ಷಡಕ್ಷರಿ ಮೊದಲು ಬಿಸಿಲಿನ ಲೆಕ್ಕ ತೀರಿಸಿದ. ಬಣ್ಣದ ಹಳೆಯ ಬಕೆಟ್ಟೊಂದಕ್ಕೆ ಕಲ್ಲು ಹಾಕಿ, ನೀರು ತುಂಬಿ, ಕೊಳದ ಮೆಟ್ಟಿಲ ಮೇಲೆ ಅರ್ಧ ಮುಳುಗಿಸಿ ಇಟ್ಟ. ಒಳಗಿನ ನೀರೂ ಹೊರಗಿನ ನೀರೂ ಒಂದೇ ಮಟ್ಟ, ಒಂದೇ ಬಿಸಿಲು, ಒಂದೇ ಗಾಳಿ. ಮರುದಿನ ನೋಡಿದರೆ ಬಕೆಟ್ಟಿನಲ್ಲಿ ಇಳಿದದ್ದು ಅಕ್ಕಿಕಾಳಿನಷ್ಟು. ಕೊಳದಲ್ಲಿ ಎಂದಿನಂತೆ ಒಂದು ಗೇಣು. ಬಿಸಿಲು ನಿರಪರಾಧಿ. ಕೊಳಕ್ಕೆ ಬರುವ ಪೈಪನ್ನು ಕಿತ್ತು ನೋಡಿದ. ನೀರು ಅದರಲ್ಲಿ ಹಿಂದಕ್ಕೆ ಹೋಗುತ್ತಿರಲಿಲ್ಲ. ಕಾರಂಜಿ ಎಂದು ಕೃತಿಕಾ ತರಿಸಿದ್ದ ಪುಟ್ಟ ಪಂಪನ್ನು ನಿಲ್ಲಿಸಿದ, ಇಳಿತ ನಿಲ್ಲಲಿಲ್ಲ.

ಉಳಿದದ್ದು ಬೆಳ್ಳಿಯಪ್ಪನ ಮೆಟ್ಟಿಲು. ಅವನು ಮಂಗಳವಾರ ಮಧ್ಯಾಹ್ನ ನೀರಿನಿಂದ ಮೇಲಿದ್ದ ಸಂದಿಗಳಿಗೆ ಸಿಮೆಂಟು ಮೆತ್ತಿ, ಅದು ಕಚ್ಚಿ ಹಿಡಿಯುವವರೆಗೆ ಮೆಟ್ಟಿಲಿಗೆ ನೀರು ತಾಗಕೂಡದು ಎಂದು ಹೇಳಿ, ಚಹಾ ಕುಡಿದು, ಬಸ್ಸು ಹತ್ತಿದ. ಅದರಿಂದ ಒಂದು ಉಪಕಾರವಾಯಿತು. ಕೊಳಕ್ಕೆ ನೀರು ಬಿಡುವುದನ್ನು ಬುಧವಾರ ನಿಲ್ಲಿಸಬೇಕಾಯಿತು. ಕೃತಿಕಾ ಮುಖ ಸಿಂಡರಿಸಿದಳು, ಆದರೆ ಸಿಮೆಂಟಿನ ಮಾತು ಮೀರಲಿಲ್ಲ. ಹಾಗೆಂದು ಲೈನಿಗೂ ಹೆಚ್ಚು ಬಿಡುವಂತಿರಲಿಲ್ಲ. ಗುರುವಾರ ಒಮ್ಮೆಲೇ ತುಂಬಿಸಲೆಂದು ಅಜಿತ ಟ್ಯಾಂಕಿನಲ್ಲಿ ನೀರು ಕೂಡಿಡಲು ಹೇಳಿದ್ದ.

ಅಷ್ಟು ದಿನ ಯಾರೂ ಕೊಳವನ್ನು ಅದರ ಪಾಡಿಗೆ ಬಿಟ್ಟಿರಲಿಲ್ಲ. ಇಳಿದ ಹಾಗೆಲ್ಲ ತುಂಬಿಸುತ್ತಿದ್ದರು, ಹೀಗಾಗಿ ಅದು ಎಲ್ಲಿಯವರೆಗೆ ಇಳಿಯುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಬುಧವಾರ ಇಡೀ ದಿನ ಅದು ಇಳಿಯಿತು. ಗುರುವಾರ ಬೆಳಿಗ್ಗೆ ಷಡಕ್ಷರಿ ಬಂದು ನೋಡಿದಾಗ ಇಳಿತ ಬಹಳ ನಿಧಾನವಾಗಿತ್ತು, ನಿಲ್ಲುವುದರಲ್ಲಿತ್ತು. ಒಳಗಿನ ದಡದಲ್ಲಿ ವರ್ಷಾನುಗಟ್ಟಲೆ ನೀರು ನಿಂತು ಆದ ಕಂದು ಗೆರೆಯೊಂದಿತ್ತು. ಅಜಿತನ ತಂದೆ ತೀರಿಕೊಂಡಂದಿನಿಂದ ಫೆಬ್ರವರಿಯವರೆಗೂ ಕೊಳ ಆ ಗೆರೆಗೇ ನಿಂತಿತ್ತು. ಈಗ ನೀರು ಅದಕ್ಕಿಂತ ಒಂದೆರಡು ಬೆರಳಷ್ಟೇ ಮೇಲಿತ್ತು.

ಮೆಟ್ಟಿಲಿನ ಬುಡ ಆ ಗೆರೆಗಿಂತ ಎಷ್ಟೋ ಕೆಳಗೆ. ತೂತು ಅಲ್ಲಿದ್ದಿದ್ದರೆ ನೀರು ಇಲ್ಲಿಗೆ ಬಂದು ನಿಧಾನಿಸುವ ಕಾರಣವಿರಲಿಲ್ಲ. ತೂತು ಇರುವುದು ಗೆರೆಯ ಆಸುಪಾಸಿನಲ್ಲಿ. ಫೆಬ್ರವರಿಯವರೆಗೆ ನೀರು ಅದನ್ನು ಮುಟ್ಟಿರಲೇ ಇಲ್ಲ.

ಅವನು ದಡದ ಮೇಲೆ ಕೂತ. ಎದುರುಗಡೆಯ ಬೇಲಿಯ ಸಿಲ್ವರ್ ಓಕ್ ಮರಗಳಿಂದ ಉದುರಿದ ಎಲೆಗಳು ನೀರಿನ ಮೇಲೆ ತೇಲುತ್ತಿದ್ದವು. ಗಾಳಿ ಕೆಳಗಿನ ಕಣಿವೆಯಿಂದ ಬಂಗಲೆಯ ಕಡೆಗೆ ಬೀಸುತ್ತಿತ್ತು. ಎಲೆಗಳು ಮಾತ್ರ ಗಾಳಿಗೆ ಎದುರಾಗಿ, ಆತುರವಿಲ್ಲದೆ, ಕೆಳಬದಿಯ ಬಂಡಿನ ಮೂಲೆಗೆ ಸರಿದು ಗುಂಪಾಗಿದ್ದವು. ಸ್ವಲ್ಪ ಹೊತ್ತು ಅವನು ಅದನ್ನು ಸುಮ್ಮನೆ ನೋಡಿದ. ಆಮೇಲೆ ಎದ್ದು ಬಂಗಲೆಯ ಹಿಂದೆ ಹೋಗಿ, ಬಟ್ಟೆಗೆ ಹಾಕುವ ನೀಲಿಯ ಪೊಟ್ಟಣ ಕೇಳಿ ತಂದು, ಲೋಟದಲ್ಲಿ ಕದಡಿ, ಎಲೆಗಳ ಗುಂಪಿನ ಹತ್ತಿರ ಮೆಲ್ಲಗೆ ಸುರಿದ. ನೀಲಿ ಮೋಡದಂತೆ ಹರಡಬೇಕಿತ್ತು. ಹರಡಲಿಲ್ಲ, ಬಾಲದಂತೆ ನೀಳವಾಗಿ ಎಳೆದುಕೊಂಡು ಬಂಡಿನಲ್ಲಿ ಜೋತುಬಿದ್ದಿದ್ದ ಜರಿಗಿಡದ ಕೆಳಗೆ ನುಗ್ಗಿ ಮಾಯವಾಯಿತು. ಅವನು ಗಿಡ ಸರಿಸಿ ಕೈ ಹಾಕಿದ. ಮುಷ್ಟಿ ಸಲೀಸಾಗಿ ಒಳಗೆ ಹೋಯಿತು.

ಬಂಡಿನ ಆಚೆ ಬದಿ ರೋಬಸ್ಟಾ ತೋಟ. ಷಡಕ್ಷರಿ ಬಂಡಿನ ಮೇಲೆ ನಿಂತು ಕೆಳಗೆ ನೋಡಿದ. ನೋಡಿದವನು ಅಲ್ಲೇ ನಿಂತುಬಿಟ್ಟ.

ಕಾಫಿ ಗಿಡ ಮೊಗ್ಗು ಕಟ್ಟಿಕೊಂಡು ಬೇಸಗೆಯಲ್ಲಿ ಕಾಯುತ್ತದೆ. ಮಾರ್ಚಿನ ಹೂಮಳೆ ಬಿದ್ದು ಒಂದು ವಾರಕ್ಕೆ ಇಡೀ ತೋಟ ಒಂದೇ ಸಲ ಅರಳಿ ಬೆಳ್ಳಗಾಗುತ್ತದೆ. ಆ ವರ್ಷ ಹೂಮಳೆ ಬಂದಿರಲಿಲ್ಲ. ಗುಡ್ಡದ ತುಂಬ ಗಿಡಗಳು ಎಲೆ ಇಳಿಬಿಟ್ಟು ನಿಂತಿದ್ದವು. ಆದರೆ ಬಂಡಿನ ಬುಡದ ಮೂರು ಸಾಲು ಮಾತ್ರ ಅರಳಿದ್ದವು. ಷಡಕ್ಷರಿಗೆ ಇದು ಹೊಸ ಸುದ್ದಿಯಲ್ಲ. ಹಿಂದಿನ ವಾರ ಮೊದಲು ಅದರ ವಾಸನೆ ಹಿಡಿದವನೇ ಅವನು. ಅಜಿತನೂ ಬಂದು ನೋಡಿ ಹಿಗ್ಗಿದ್ದ. ಇಬ್ಬರೂ ಕೂಡಿ ತೀರ್ಮಾನಿಸಿದ್ದೂ ಆಗಿತ್ತು: ಯಾವುದೋ ಒಂಟಿ ಮೋಡ ಹಾದು ಹೋಗುವಾಗ ಆ ಮೂಲೆಗಷ್ಟೇ ಮಳೆ ಚೆಲ್ಲಿರಬೇಕು. ಬೆಟ್ಟದ ಮಳೆ ಹಾಗೇ. ಬೇಲಿಯ ಈಚೆ ಅರ್ಧ ಇಂಚು, ಆಚೆ ಒಂದು ಹನಿಯಿಲ್ಲ. ಮಳೆಮಾಪಕ ಇರುವುದು ಗುಡ್ಡದ ಇನ್ನೊಂದು ಬದಿಯ ಆಫೀಸಿನ ಅಂಗಳದಲ್ಲಿ. ಅದರಲ್ಲಿ ಏನೂ ಇಲ್ಲದಿದ್ದದ್ದು ಇಬ್ಬರಿಗೂ ವಿಚಿತ್ರವೆನಿಸಲಿಲ್ಲ. ಮಳೆ ಎಂದು ಕಾದು ಕೂತವರಿಗೆ ಒಂದು ಹೂ ಕಂಡರೂ ಮಳೆಯದೇ ಜ್ಞಾಪಕ.

ಹೂ ಬಿಟ್ಟ ಮೇಲೆ ಮಾಡುವುದನ್ನು ಮಾಡಿದ್ದರು. ಹೂವಿನ ತೋಟಕ್ಕೆ ಯಾರೂ ಇಳಿಯಬಾರದು. ಮೈ ತಾಗಿದರೆ ಹೂ ಉದುರುತ್ತದೆ, ಜೇನು ಬೆದರುತ್ತದೆ, ಕಾಯಿ ಕಚ್ಚುವುದಿಲ್ಲ. ಯಾವ ಎಸ್ಟೇಟಿನಲ್ಲೂ ಇದನ್ನು ಎರಡನೇ ಸಲ ಹೇಳಬೇಕಿಲ್ಲ. ಷಡಕ್ಷರಿಯೇ ಕಾಲುದಾರಿಗೆ ಅಡ್ಡಲಾಗಿ ಮುಳ್ಳಿನ ಕೊಂಬೆ ಎಳೆಸಿದ್ದ. ಹಾಗಾಗಿ ಕೊಳದ ನೀರು ಹುಡುಕಲು ಮೆಟ್ಟಿಲು, ಪೈಪು, ಲೈನಿನ ಹೆಂಗಸರು, ಆನೆ ಎಲ್ಲವನ್ನೂ ತಡಕಾಡಿದವರು ಬಂಡಿನ ಬೆನ್ನಿಗೆ ಮಾತ್ರ ಹೋಗಿರಲಿಲ್ಲ.

ಅವನು ಮುಳ್ಳು ಸರಿಸಿ ಒಳಗಿಳಿದ. ಬಾಗಿದರೂ ಹೆಗಲಿಗೆ ರೆಂಬೆ ತಾಗಿ, ಆಗಲೇ ಕಂದು ತಿರುಗುತ್ತಿದ್ದ ಹೂಗಳು ಅಂಗಿಯ ಮೇಲೆಲ್ಲ ಉದುರಿದವು. ನೆಲದ ಮೇಲೆ ಒಣ ತರಗೆಲೆ ಹಾಸಿತ್ತು, ಎಲ್ಲಿಯೂ ಒಂದು ಹನಿ ಒದ್ದೆ ಕಾಣಲಿಲ್ಲ. ಬಂಡಿನ ಬುಡಕ್ಕೆ ಇನ್ನೊಂದು ಹೆಜ್ಜೆ ಇಟ್ಟಾಗ ತರಗೆಲೆ ಕುಸಿದು ಬಲಗಾಲು ಮಂಡಿಯವರೆಗೆ ತಣ್ಣನೆಯ ಕೆಸರಿಗೆ ಇಳಿಯಿತು. ಎಂತದೋ ಬೈಗುಳ ಬಾಯಿಗೆ ಬಂತು. ಕಾಫಿ ಗಿಡ ಹಿಡಿದುಕೊಂಡು ಕಾಲು ಕಿತ್ತು, ಎಲೆ ಬಾಚಿ ನೋಡಿದ. ತೊಟ್ಟಿಲು ಗುಂಡಿ. ಇಳಿಜಾರಿನಲ್ಲಿ ಮಳೆನೀರು ಮಣ್ಣು ಕೊಚ್ಚಿಕೊಂಡು ಹೋಗದಂತೆ ಸಾಲುಗಳ ನಡುವೆ ತೊಟ್ಟಿಲಿನಾಕಾರದಲ್ಲಿ ತೆಗೆದು ತರಗೆಲೆ ತುಂಬುವ ಗುಂಡಿ. ಮಳೆ ನಿಂತ ಮೇಲೆ ಪ್ರತಿ ವರ್ಷವೂ ತೆಗೆಸುವುದೇ. ಆದರೆ ಇದನ್ನು ಎರಡು ಸಾಲಿನ ನಡುವೆ ತೆಗೆದಿರಲಿಲ್ಲ. ಬಂಡಿನ ಬುಡಕ್ಕೇ ಗುದ್ದಲಿ ಹಾಕಿ ಒಳಕ್ಕೆ ಕೆತ್ತಿದ್ದರು. ಗುಂಡಿಯ ಮೇಲಿನ ಗೋಡೆಯಲ್ಲಿ ಅರ್ಧ ತಿಂದ ಹಲಸಿನ ತೊಳೆಯಂತೆ ಹಳದಿ ಜೇಡಿಮಣ್ಣು ಕಾಣುತ್ತಿತ್ತು. ಅದರ ನಡುವಿನಿಂದ ನೀಲಿ ನೀರು ಸದ್ದಿಲ್ಲದೆ ಇಳಿಯುತ್ತಿತ್ತು.

ಗುಂಡಿ ತೆಗೆಯುವುದು ಟಾಸ್ಕ್ ಕೆಲಸ. ಇಷ್ಟು ಗುಂಡಿ ಆದರೆ ಆಳು ಮನೆಗೆ ಹೋಗಬಹುದು. ಹಿಂದಿನ ವರ್ಷ ಮಳೆ ಕಡಿಮೆಯಾಗಿ ನೆಲ ಕಲ್ಲಾಗಿತ್ತು. ಬಂಡಿನ ಬುಡ ಮಾತ್ರ ಹದವಾಗಿ, ಮೆತ್ತಗೆ ಇದ್ದಿರಬೇಕು. ಗುದ್ದಲಿ ಹಿಡಿದವನು ಯಾರೇ ಆಗಲಿ ಅಲ್ಲೇ ಹಾಕುತ್ತಾನೆ. ಗುಂಡಿಗಳನ್ನು ನೋಡಿ ಪಾಸ್ ಮಾಡಿದ್ದು ತಾನು, ಅದೂ ಮೇಲಿನ ದಾರಿಯಿಂದ, ಮಂಡಿ ನೋವೆಂದು ಇಳಿಯದೆ. ಷಡಕ್ಷರಿ ಕೆಸರು ಕಾಲನ್ನು ಎಲೆಯಿಂದ ಒರೆಸಿಕೊಂಡ. ಕಂಡುಹಿಡಿದ ಖುಷಿ ಎಂಬುದೇನಾದರೂ ಬರುತ್ತದೆಯೋ ಎಂದು ಒಂದು ಕ್ಷಣ ಕಾದ. ಬಂದದ್ದು ಆಕಳಿಕೆ.

ಬಂಗಲೆಯ ಹಜಾರದಲ್ಲಿ ಕಾಫಿ ಕುಡಿಯುತ್ತಿದ್ದ ಅಜಿತ ಕೇಳಿಸಿಕೊಂಡು ಮೊದಲು ನಕ್ಕ. ಬಹಳ ದಿನದ ಮೇಲೆ ನಕ್ಕಿದ್ದ.

"ಹಾಗಾದ್ರೆ ಮಳೆ ಅಲ್ಲ! ನಮ್ಮದೇ ಕೊಳ! ಅಲ್ಲ ರೈಟ್ರೇ, ನೀರು ವೇಸ್ಟ್ ಆಗ್ಲೇ ಇಲ್ವಲ್ಲ ಮಾರಾಯ್ರೆ, ಕಾಫಿ ಕುಡಿದಿದೆ. ಬಿಡಿ, ಹರೀಲಿ. ಇನ್ನೆರಡು ಸಾಲು ಅರಳಿದ್ರೆ ಅದೇ ಲಾಭ."

ತೂತು ಸಿಕ್ಕರೆ ನೀರು ಉಳಿಯುತ್ತದೆ ಎಂದು ಷಡಕ್ಷರಿ ಎಣಿಸಿದ್ದ. ಸಿಕ್ಕ ತೂತು ಲಾಭದ್ದಾಗಿ ಕೂತಿತ್ತು. ಗೋಡೆಯ ಗಡಿಯಾರದಲ್ಲಿ ಹತ್ತು ದಾಟಿತ್ತು. ಕಳಸದಿಂದ ಹೊರಟ ಜೀಪು ದಾರಿಯಲ್ಲಿರಬಹುದು.

"ಅರಳುತ್ತೆ ಸರ್," ಎಂದ. "ಅರಳಿ ಎಂತ ಮಾಡೋದು? ಮೇಲಿಂದ ಇನ್ನೊಂದು ಮಳೆ ಸಿಗದಿದ್ರೆ ಅಷ್ಟೂ ಕರಟಿ ಉದುರುತ್ತೆ. ಗುಡ್ಡ ಎಲ್ಲ ಒಟ್ಟಿಗೆ ಅರಳಿದ್ರೆ ಜೇನು ಬರುತ್ತೆ, ಕಾಯಿ ಕಚ್ಚುತ್ತೆ. ಮೂರು ಸಾಲಿಗೆ ಯಾವ ಜೇನು ಬರುತ್ತೆ? ಆ ಗುಂಡಿ ಪಕ್ಕದ ಗಿಡಗಳ ಬುಡದಲ್ಲಿ ನೀರು ನಿಂತಿದೆ. ಬೇರು ಕೊಳೆತ್ರೆ ಹೂ ಅಲ್ಲ, ಗಿಡವೇ ಇಲ್ಲ. ಇದು ನಿಮಗೆ ನಾನು ಹೇಳಬೇಕಾ?"

ಅಜಿತ ಲೋಟವನ್ನು ಕೈಯಲ್ಲೇ ತಿರುಗಿಸಿದ. ಅವನಿಗೆ ಗೊತ್ತಿಲ್ಲದ್ದೇನೂ ಇದರಲ್ಲಿ ಇರಲಿಲ್ಲ.

"ಯಾರು ತೆಗೆದಿದ್ದು ಆ ಗುಂಡಿ?"

"ತೆಗೆದವರು ತೆಗೆದ್ರು. ಪಾಸ್ ಮಾಡಿದ್ದು ನಾನು."

"ಈಗ ಮುಚ್ಚಿಸೋದು ಎಷ್ಟು ಹೊತ್ತಿನ ಕೆಲಸ?" ಎಂದು ಕೃತಿಕಾ ಕೇಳಿದಳು. ಬಾಗಿಲಿನಲ್ಲಿ ಹೊಸ ಪರದೆಯ ಬಟ್ಟೆ ಹಿಡಿದು ನಿಂತಿದ್ದಳು.

"ಜೇಡಿ ತರಿಸಿ, ನೆನೆಹಾಕಿ, ತುಳಿದು ಮೆತ್ತಬೇಕು ಮೇಡಂ. ಶನಿವಾರದೊಳಗೆ ಆಗಲ್ಲ. ಅಲ್ಲೀವರೆಗೆ ಕೊಳ ಹಳೇ ಗೆರೆಗೆ ನಿಲ್ಲುತ್ತೆ. ಅದಕ್ಕಿಂತ ಕೆಳಗೆ ಇಳಿಯಲ್ಲ, ಹೊಸ ನೀರೂ ಬೇಡ."

"ಫೋಟೋದಲ್ಲಿ ಕಲ್ಲಿನ ತನಕ ಇದೆ."

"ಹೌದು."

"ಗೆಸ್ಟ್ ಇರೋ ಎರಡು ದಿನ ತುಂಬ್ಸೋಣ. ನೀರು ಇದೆಯಲ್ಲ ಟ್ಯಾಂಕಲ್ಲಿ?"

ಹೂಂ ಎನ್ನುವ ಜಾಗ ಇದು. ಷಡಕ್ಷರಿಯ ಬಾಯಿ ಅದಕ್ಕೆ ತೆರೆಯಿತು ಕೂಡ. "ಅದು ಲೈನಿನ ನೀರು, ಮೇಡಂ," ಎಂಬ ಮಾತು ಬಂತು.

"ಲೈನಿಂದು ಅಂದ್ರೆ? ಅವರ ಪೈಪ್ ಬೇರೆ ಅಲ್ವಾ?"

ಷಡಕ್ಷರಿ ಅಜಿತನ ಕಡೆ ನೋಡಿದ. ಅಜಿತ ಲೋಟದ ತಳ ನೋಡಿದ. ಎಂಟು ಮನೆಗೆ ಒಂದು ಗಂಟೆ ನೀರು ಎಂಬ ಸಂಗತಿ ಕೃತಿಕಾಳ ಕಿವಿಗೆ ಬಿದ್ದಿರಲೇ ಇಲ್ಲ ಎಂದು ಷಡಕ್ಷರಿಗೆ ಆಗ ಹೊಳೆಯಿತು. ಮೇಡಂಗೆ ಗೊತ್ತಿದ್ದೇ ನಡೆಯುತ್ತಿದೆ ಎಂದು ಲೈನಿನಲ್ಲಿ ಎಲ್ಲರೂ ಬೈದುಕೊಳ್ಳುತ್ತಿದ್ದರು, ಅವನೂ ಮನಸ್ಸಿನಲ್ಲಿ ಬೈದಿದ್ದ. "ಟ್ಯಾಂಕು ಒಂದೇ, ಮೇಡಂ. ಅಲ್ಲಿ ತಿರುಗಿಸಿದ್ರೆ ಇಲ್ಲಿ, ಇಲ್ಲಿ ತಿರುಗಿಸಿದ್ರೆ ಅಲ್ಲಿ. ಪಾಪಮ್ಮನ ಮಗಳು ಬಾಣಂತಿ ಇದ್ದಾಳೆ. ನೀರಿಲ್ಲ ಅಂತ ಇವತ್ತು ಗಂಡನ ಮನೆಗೆ ಹೊರಟಿದ್ದಾಳೆ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ನೀವು?"

ಕೃತಿಕಾ ಕೇಳಿದ್ದು ಯಾರನ್ನು ಎಂಬುದು ಇಬ್ಬರಿಗೂ ಸ್ಪಷ್ಟವಾಗಲಿಲ್ಲ. ಅವಳು ಪರದೆಯನ್ನು ಕುರ್ಚಿಯ ಮೇಲೆ ಬಿಸಾಡಿ ವರಾಂಡಕ್ಕೆ ಹೋಗಿ ಕೊಳದ ಒಳಗಿನ ಕೆಸರು ದಡವನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿತ್ತು, ಅಳುವೂ ಇತ್ತು. ಈ ಹೋಂಸ್ಟೇಗೆ ಅವಳು ಬಿದ್ದ ಪಾಡು ಷಡಕ್ಷರಿಗೂ ಗೊತ್ತು.

"ಎಷ್ಟು ಕೊಳಕಾಗಿ ಕಾಣುತ್ತೆ," ಎಂದಳು. ಕೆಸರಿನಿಂದ ಕಣ್ಣು ತೆಗೆಯದೆ, "ಹೋಗಿ ಲೈನಿಗೆ ತಿರುಗ್ಸಿ," ಎಂದಳು.

ಅಜಿತ ಎದ್ದು, "ಶನಿವಾರ ಬೆಳಿಗ್ಗೆ ಮತ್ತೆ ನೋಡೋಣ ರೈಟ್ರೇ," ಎಂದು ಒಳಗೆ ಹೋದ. ಅದು ಆಜ್ಞೆಯೋ ಸೋಲೋ ಎಂದು ಯೋಚಿಸುತ್ತ ನಿಲ್ಲಲು ಷಡಕ್ಷರಿಗೆ ಪುರಸೊತ್ತಿರಲಿಲ್ಲ.

ವಾಲ್ವು ತಿರುಗಿಸಿ ಅವನು ಲೈನಿಗೆ ಇಳಿದಾಗ ಜೀಪು ಬಂದು ನಿಂತಿತ್ತು. ಪಾಪಮ್ಮನ ಅಳಿಯ ಶಂಭು ಟ್ರಂಕನ್ನು ಹಿಂದಿನ ಸೀಟಿಗೆ ಏರಿಸಿದ್ದ. ಬಾಣಂತಿ ತಲೆಗೆ ಬಟ್ಟೆ ಬಿಗಿದುಕೊಂಡು, ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊಸಿಲ ಮೇಲೆ ಕೂತಿದ್ದಳು. ಪಾಪಮ್ಮ ಕೂಸಿನ ಬಟ್ಟೆ ಮಡಿಸುತ್ತಿದ್ದಳು. ನಲ್ಲಿ ಮೊದಲು ಕೆಮ್ಮಿತು, ಗಾಳಿ ಉಗುಳಿತು, ಕೆಂಪು ನೀರು ಕಾರಿತು, ಆಮೇಲೆ ಸರಿಯಾಗಿ ಹರಿಯಿತು. ಎಂಟು ಮನೆಯ ಕೊಡಗಳೂ ಒಟ್ಟಿಗೆ ಹೊರಬಂದವು.

"ಎಷ್ಟು ಹೊತ್ತು ರೈಟ್ರೇ?" ಎಂದು ಯಾರೋ ಕೂಗಿದರು.

"ನಿಲ್ಸಲ್ಲ," ಎಂದ ಷಡಕ್ಷರಿ. ಶನಿವಾರದ ಮಾತು ಹೇಳಲಿಲ್ಲ.

ಪಾಪಮ್ಮ ನಲ್ಲಿಯನ್ನೂ ಜೀಪನ್ನೂ ಒಮ್ಮೆ ನೋಡಿದಳು. ಹೋಗಿ ಟ್ರಂಕನ್ನು ಸೀಟಿನಿಂದ ಎಳೆದು ಕೆಳಗಿಟ್ಟಳು. ಅಳಿಯ ಹೌಹಾರಿದ. "ಅತ್ತೆ, ಜೀಪು ಬಾಡಿಗೇದು!"

"ಬಾಡಿಗೆ ಕೊಟ್ಟಿದ್ದೀಯಲ್ಲ, ನೀನೇ ಕೂತ್ಕೊಂಡು ಹೋಗು ರಾಜನ ಹಾಗೆ. ಇವಳು ಮೂರು ತಿಂಗಳು ಬರಲ್ಲ."

ಸುತ್ತ ನಗು ಎದ್ದಿತು. ಶಂಭು ಮುಖ ಕೆಂಪು ಮಾಡಿಕೊಂಡು ಷಡಕ್ಷರಿಯ ಹತ್ತಿರ ಬಂದ. "ಅಲ್ಲ ರೈಟ್ರೇ, ಇಷ್ಟು ದಿನ ಎಲ್ಲಿ ಹೋಗಿತ್ತು ಈ ನೀರು?"

"ಕೊಳದ ಬಂಡು ಸೋರ್ತಿತ್ತು. ಬುಡದಲ್ಲಿ ಯಾರೋ ಗುಂಡಿ ತೆಗೆದಿದ್ರು."

"ಯಾವುದು, ಜರಿಗಿಡ ಇಳಿಬಿದ್ದಿದೆಯಲ್ಲ, ಆ ಮೂಲೇದಾ?" ಶಂಭುವಿನ ಮುಖ ಅರಳಿತು. ಹಿಂದಿನ ವರ್ಷ ಗುಂಡಿ ಕೆಲಸಕ್ಕೆಂದು ಬಂದು ಅತ್ತೆಯ ಮನೆಯಲ್ಲಿ ಉಳಿದಿದ್ದವನು ಅವನು. "ಅದು ನಾನೇ ತೆಗೆದಿದ್ದು! ಬೇರೆ ಕಡೆ ಗುದ್ದಲಿ ಹಾಕಿದ್ರೆ ಕಿಡಿ ಹಾರ್ತಿತ್ತು, ಅಲ್ಲಿ ಮಣ್ಣು ಬೆಣ್ಣೆ ಹಾಗೆ..."

ಅವನು ಅಲ್ಲಿಗೆ ನಿಲ್ಲಿಸಿದ. ಪಾಪಮ್ಮ ಅಳಿಯನನ್ನೇ ನೋಡುತ್ತಿದ್ದಳು. ಕೊಡ ಹಿಡಿದ ಹೆಂಗಸರೂ ನೋಡುತ್ತಿದ್ದರು. ಹೊಸಿಲ ಮೇಲೆ ಕೂತ ಹುಡುಗಿ ಮೊದಲ ಸಲ ಬಾಯಿ ಬಿಟ್ಟು, "ನಿಮ್ಮ ತಲೆ," ಎಂದಳು.

ಈಗ ರೈಟರು ಏನು ಹೇಳುತ್ತಾರೋ ಎಂದು ಎಲ್ಲರೂ ಷಡಕ್ಷರಿಯ ಕಡೆ ತಿರುಗಿದರು. ಅವನ ಬಲಗಾಲಿನ ಕೆಸರು ಒಣಗಿ ಚರ್ಮ ಎಳೆಯುತ್ತಿತ್ತು. ಅಂಗಿಯ ಜೇಬಿನಲ್ಲಿ ಬಾಡಿದ ಕಾಫಿ ಹೂಗಳು ಅಂಟಿಕೊಂಡಿದ್ದವು.

"ಮುಚ್ಚೋಕೆ ಒಬ್ಬ ಆಳು ಬೇಕು," ಎಂದ ಶಂಭುವಿಗೆ. "ಜೀಪು ಕಳ್ಸಿ ನೀನು ಉಳ್ಕೋ. ಜೇಡಿ ಎಲ್ಲಿದೆ ಅಂತ ನಾಳೆ ತೋರಿಸ್ತೀನಿ."

ಪಾಪಮ್ಮ ತುಂಬಿದ ಕೊಡವನ್ನು ಸೊಂಟಕ್ಕೇರಿಸಿ ಒಲೆಯ ಕಡೆ ನಡೆದಳು. ಷಡಕ್ಷರಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತ. ಇನ್ನೊಬ್ಬಳ ಕೊಡ ತುಂಬಿ ಹೊರಚೆಲ್ಲುತ್ತಿತ್ತು. ನೀರು ಹಾಳು ಮಾಡಬೇಡ ಎನ್ನಬೇಕೆಂದುಕೊಂಡ, ಹೇಳಲಿಲ್ಲ. ಕಾಲನ್ನು ಅದರ ಕೆಳಗೆ ಚಾಚಿದ.